ಜಗಲಿ ಹತ್ತದ ಕಾನೂನು



ಆರೋಗ್ಯದ ವಿಷಯದಲ್ಲಿ ಏನಾದರೂ ಮಾತಾಡಬೇಕು ಎಂದು ಮಡಂತ್ಯಾರಿನ ಈ ದತ್ತಿ ಉಪನ್ಯಾಸದ ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಕಾರ್ಡು. ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ವರ್ಷಕ್ಕೊಮ್ಮೆ ಡಾಕ್ಟರೂ ನರ್ಸಮ್ಮನೂ ಜೀಪಿನಲ್ಲಿ ಬಂದಾಗ ಮಕ್ಕಳ ಕೈಕಾಲು ತೊಳೆಸಿ, ಸಾಲು ನಿಲ್ಲಿಸಿ, ಹೆಸರು ಓದಿ ಹೇಳುತ್ತಿದ್ದವಳು. ಐದನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಬೋರ್ಡಿನಲ್ಲಿ ಬರೆದದ್ದನ್ನು ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಕದ್ದು ಬರೆಯುತ್ತಾಳೆ ಎಂದು ನಾನು ಎರಡು ಸಲ ಗದರಿದ್ದೆ. ಅವಳ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ ಮೂರು ವರ್ಷ ಒಂದೇ ಮಾತು ಇತ್ತು: ದೃಷ್ಟಿದೋಷ, ಕಣ್ಣಿನ ಡಾಕ್ಟರಿಗೆ ತೋರಿಸುವುದು. ಬರೆದವರು ಚಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದರು. ಆ ಕಾರ್ಡನ್ನು ಉಳಿದವುಗಳ ಜೊತೆ ಕಟ್ಟಿ ಬೀರುವಿನಲ್ಲಿಟ್ಟು ಬೀಗ ಹಾಕಿದವಳು ನಾನು. ಏಳನೇ ಕ್ಲಾಸು ಮುಗಿಸಿ ಅವಳು ಶಾಲೆ ಬಿಟ್ಟಳು. ಅಮ್ಮನ ಪಕ್ಕ ತಡ್ಪೆ ಎಂಬ ಮೊರ ಹಿಡಿದು ಬೀಡಿ ಕಟ್ಟಲು ಕೂತಳು. ಬೀಡಿ ಕಟ್ಟುವುದು ಮಡಿಲಲ್ಲಿ ಆಗುವ ಕೆಲಸ. ಅದಕ್ಕೆ ಅವಳ ದೃಷ್ಟಿ ಧಾರಾಳ ಸಾಕಾಯಿತು.

ನಿವೃತ್ತಿಯಾದ ಮೇಲೆ ಈ ಒಂದು ಸಂಗತಿ ನನ್ನನ್ನು ಬಿಡಲಿಲ್ಲ. ಮಕ್ಕಳನ್ನು ಸಾಲು ನಿಲ್ಲಿಸಿ ನೋಡುವ ಪದ್ಧತಿ ಎಲ್ಲಿಂದ ಬಂತು, ನೋಡಿದ ಮೇಲೆ ಏನು ಮಾಡಬೇಕು ಎಂದು ಅದನ್ನು ತಂದವರು ಎಣಿಸಿದ್ದರು ಎಂದು ಹುಡುಕಿ ಓದಲು ತೊಡಗಿದೆ. ಓದುತ್ತ ಹೋದ ಹಾಗೆ, ಇಂಗ್ಲೆಂಡನ್ನು ಏಳನೇ ಎಡ್ವರ್ಡ್ ಆಳಿದ 1901ರಿಂದ 1910ರವರೆಗಿನ ಹತ್ತು ವರ್ಷಗಳಲ್ಲಿ ಬಂದು ನಿಂತೆ.

ಆ ಕಾಲದ ಇಂಗ್ಲೆಂಡು ಮಕ್ಕಳ ಮೇಲಿನ ಕರುಣೆಯಿಂದ ಎಚ್ಚೆತ್ತದ್ದಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. 1899ರಲ್ಲಿ ಶುರುವಾದ ಬೋಯರ್ ಯುದ್ಧಕ್ಕೆ ಸೇರಲು ಬಂದ ಕಾರ್ಖಾನೆ ಪಟ್ಟಣಗಳ ಯುವಕರಲ್ಲಿ ದೊಡ್ಡ ಪಾಲನ್ನು ಸೈನ್ಯ ಹಿಂದಕ್ಕೆ ಕಳಿಸಿತು. ಎದೆ ಸಣ್ಣದು, ಹಲ್ಲು ಕೊಳೆತದ್ದು, ಕಾಲು ವಕ್ರ. ಗಾಬರಿಯಾದ ಸರಕಾರ ಒಂದು ಸಮಿತಿ ಮಾಡಿತು. 1904ರಲ್ಲಿ ಅದರ ವರದಿ ಬಂತು. 1906ರಲ್ಲಿ ಶಾಲೆಯಲ್ಲಿ ಊಟ ಕೊಡಲು ಅವಕಾಶ ಮಾಡುವ ಕಾನೂನು, 1907ರಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಯ ಕಾನೂನು. 1908ರ ಜನವರಿ 1ರಿಂದ ಡಾಕ್ಟರು ಶಾಲೆಯ ಬಾಗಿಲು ಹೊಕ್ಕರು. ಸೈನಿಕ ಬೇಕಾದ್ದರಿಂದ ಮಗುವನ್ನು ನೋಡಿದರು. ಉದ್ದೇಶ ಏನೇ ಇರಲಿ, ಮಗುವಿನ ಬಾಯಿ ತೆರೆಸಿ ನೋಡಿದ್ದಂತೂ ಹೌದು.

ಬ್ರಾಡ್‌ಫರ್ಡ್ ಎಂಬ ಉಣ್ಣೆ ಗಿರಣಿಗಳ ಊರು ಈ ಕಾನೂನಿಗಿಂತ ಮೊದಲೇ ಎದ್ದಿತ್ತು. ಅಲ್ಲಿ 1893ರಲ್ಲೇ ಜೇಮ್ಸ್ ಕೆರ್ ಎಂಬ ಡಾಕ್ಟರನ್ನು ಶಾಲೆಗಳಿಗೆಂದು ನೇಮಿಸಿದ್ದರು. ಶಾಲಾ ಮಂಡಳಿಗೆ ಆರಿಸಿ ಬಂದ ಮಾರ್ಗರೆಟ್ ಮೆಕ್‌ಮಿಲನ್ ಎಂಬ ಹೆಂಗಸು ಮಕ್ಕಳ ಸ್ನಾನಕ್ಕಾಗಿ, ಊಟಕ್ಕಾಗಿ ಹಟ ಹಿಡಿದು ಕೂತಿದ್ದರು. ಅಲ್ಲಿಯ ಒಂದು ಪದ್ಧತಿ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹನ್ನೆರಡು ವರ್ಷದ ಮಕ್ಕಳು ಅರ್ಧ ದಿನ ಗಿರಣಿಗೆ, ಅರ್ಧ ದಿನ ಶಾಲೆಗೆ ಹೋಗಬಹುದಿತ್ತು. ಬೆಳಿಗ್ಗೆ ಆರಕ್ಕೆ ಗಿರಣಿ. ಮಧ್ಯಾಹ್ನ ಪಾಠದ ಹೊತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ. ಹೀಗೆ ನಿದ್ದೆ ಮಾಡುವ ಮಕ್ಕಳು ನನ್ನ ಕ್ಲಾಸಿನಲ್ಲೂ ಇದ್ದರು. ರಾತ್ರಿ ಹನ್ನೊಂದರ ತನಕ ಬೀಡಿಯ ತುದಿ ಮಡಚಿ, ಬೆಳಿಗ್ಗೆ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟು ಕೊಟ್ಟು, ಅಲ್ಲಿಂದ ಓಡಿ ಶಾಲೆಗೆ ಬರುತ್ತಿದ್ದವರು. ಬ್ರಾಡ್‌ಫರ್ಡಿನ ಅರ್ಧ ದಿನದ ಮಗುವಿಗೆ ಕಾನೂನಿನಲ್ಲಿ ಒಂದು ಹೆಸರಾದರೂ ಇತ್ತು. ನನ್ನ ಕ್ಲಾಸಿನ ಮಗುವಿಗೆ ಅದೂ ಇರಲಿಲ್ಲ.

1907ರ ಕಾನೂನಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಕ್ರಿಯಾಪದಗಳು. ಮಕ್ಕಳನ್ನು ಪರೀಕ್ಷಿಸಲೇಬೇಕು ಎಂದು ಅದು ಹೇಳಿತು. ಕಂಡ ಕಾಯಿಲೆಗೆ ಮದ್ದಿನ ವ್ಯವಸ್ಥೆಯನ್ನು ಮಾಡಬಹುದು ಎಂದು ಹೇಳಿತು. ನೋಡುವುದು ಕಡ್ಡಾಯ, ಗುಣಪಡಿಸುವುದು ಇಷ್ಟ. ಆ ‘ಬಹುದು’ ಹೋಗಿ ‘ಬೇಕು’ ಆಗಲು 1918ರ ಶಿಕ್ಷಣ ಕಾನೂನಿನವರೆಗೆ ಕಾಯಬೇಕಾಯಿತು. ನಡುವೆ ಹನ್ನೊಂದು ವರ್ಷ. ಒಂದು ಮಗು ಶಾಲೆಗೆ ಸೇರಿ ಶಾಲೆ ಬಿಡುವಷ್ಟು ಕಾಲ. ನನ್ನ ಬೀರುವಿನೊಳಗೆ ಇದ್ದದ್ದೂ ಆ ‘ಬಹುದು’.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಆ ಕಾಲದ ಇಂಗ್ಲಿಷ್ ಪಟ್ಟಣದಲ್ಲಿ ಆರೋಗ್ಯಾಧಿಕಾರಿ ಎಂದು ಒಬ್ಬರು ಇರುತ್ತಿದ್ದರು. 1901ರ ಕಾರ್ಖಾನೆ ಮತ್ತು ಕಾರ್ಯಾಗಾರಗಳ ಕಾನೂನಿನ ಪ್ರಕಾರ ತನ್ನ ಪಟ್ಟಣದ ದರ್ಜಿ ಅಂಗಡಿ, ಬ್ರೆಡ್ಡಿನ ಒಲೆಮನೆ, ಟೋಪಿ ಹೊಲಿಯುವ ಕೋಣೆಗಳ ಬಗ್ಗೆ ಅವರು ವರ್ಷಕ್ಕೊಂದು ವರದಿ ಬರೆಯಬೇಕಿತ್ತು: ಗಾಳಿ ಆಡುತ್ತದೆಯೇ, ಎಷ್ಟು ಜನ ಒತ್ತಿಕೊಂಡು ಕೂತಿದ್ದಾರೆ, ಕಕ್ಕಸು ಇದೆಯೇ. 1908ರ ನಂತರ ಎಷ್ಟೋ ಊರುಗಳಲ್ಲಿ ಶಾಲಾ ತಪಾಸಣೆಯ ಹೊಣೆಯೂ ಇದೇ ವ್ಯಕ್ತಿಯ ಹೆಗಲಿಗೆ ಬಂತು. ಅಂದರೆ ತಾಯಿ ಕೆಲಸ ಮಾಡುವ ಕೋಣೆಯ ಗಾಳಿಯನ್ನೂ ಮಗುವಿನ ಕೆಮ್ಮನ್ನೂ ನೋಡುವ ಕಣ್ಣು ಒಂದೇ ಆಯಿತು. ಎಲ್ಲರೂ ಈ ಕೆಲಸವನ್ನು ಚೆನ್ನಾಗಿ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಹಾಗೆ ನೋಡಲು ಒಂದು ಕುರ್ಚಿ ಇತ್ತು ಎಂದಷ್ಟೇ ಹೇಳುತ್ತಿದ್ದೇನೆ.

1901ರ ಅದೇ ಕಾನೂನು ಮನೆಯ ಹೊಸ್ತಿಲಿಗೂ ಬಂದಿತ್ತು. ಮನೆಗೆ ಕೆಲಸ ಕೊಟ್ಟು ಮಾಡಿಸುವ ಧಣಿಗಳು ಹಾಗೆ ದುಡಿಯುವವರ ಹೆಸರು, ವಿಳಾಸದ ಪಟ್ಟಿಯನ್ನು ಫೆಬ್ರವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಪಟ್ಟಣ ಪರಿಷತ್ತಿಗೆ ಕೊಡಬೇಕಿತ್ತು. ಪಟ್ಟಿ ಹಿಡಿದು ಆರೋಗ್ಯ ಇಲಾಖೆಯವರು ಆ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಇಲ್ಲೂ ಒಂದು ಮಾತು ಮುಚ್ಚಿಡಬಾರದು. ಸಿಡುಬು, ಜ್ವರ ಇದ್ದ ಮನೆಯಲ್ಲಿ ಹೊಲಿದ ಅಂಗಿ ಶ್ರೀಮಂತರ ಮೈಗೇರಿದರೆ ಏನು ಗತಿ ಎಂಬ ಭಯ ಅದರ ಹಿಂದೆ ಇತ್ತು. ಹೊಲಿದವಳ ಎದೆಗೂಡಿಗಾಗಿ, ಅವಳ ಕೂಲಿಗಾಗಿ ಕೂಗು ಎದ್ದದ್ದು ಆಮೇಲೆ. 1906ರಲ್ಲಿ ಲಂಡನ್ನಿನಲ್ಲಿ ಒಂದು ಪ್ರದರ್ಶನ ನಡೆಯಿತು. ಬೆಂಕಿಪೊಟ್ಟಣ ಅಂಟಿಸುವವರು, ಗುಂಡಿ ಹೊಲಿಯುವವರು ಜನರ ಎದುರು ಕೂತು ಕೆಲಸ ಮಾಡಿ ತೋರಿಸಿದರು. 1909ರಲ್ಲಿ ನಾಲ್ಕು ಕಸುಬುಗಳಿಗೆ ಕನಿಷ್ಠ ಕೂಲಿ ನಿಗದಿ ಮಾಡುವ ಕಾನೂನು ಬಂತು.

ಆ ಹತ್ತು ವರ್ಷಗಳಲ್ಲಿ ನಮ್ಮ ಕಡೆ ಏನಿತ್ತು? ನಾವು ಆಗ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಈ ಮಡಂತ್ಯಾರಿನಿಂದ ಗದ್ದೆ, ಗುಡ್ಡ ದಾಟಿದರೆ ಬಂಟ್ವಾಳ. ಆ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರಾಗಿ ಈ ಜಿಲ್ಲೆಯ ಶಾಲೆಗಳನ್ನು ಸುತ್ತಿದವರು. ಇನ್‌ಸ್ಪೆಕ್ಟರ್ ಎಂದರೆ ಬೆವರುತ್ತಿದ್ದ ಮಕ್ಕಳಿಗೆ ಕತೆ ಹೇಳುವ ಇನ್‌ಸ್ಪೆಕ್ಟರ್ ಸಿಕ್ಕಿದ್ದು ನಮ್ಮ ಜಿಲ್ಲೆಯ ಭಾಗ್ಯ. ಆದರೆ ಇನ್‌ಸ್ಪೆಕ್ಟರರ ಕೆಲಸ ಮಗ್ಗಿ, ಓದು, ಹಾಜರಿ ನೋಡುವುದು. ಮಗುವಿನ ಕಿವಿ ಸೋರುತ್ತದೆಯೇ ಎಂದು ಅವರಿಂದ ಕೇಳಿಸುವ ಕಾನೂನು ಇರಲಿಲ್ಲ. ಮಗುವಿನ ಹಸಿವನ್ನು ಕಂಡವರು ಮಾತ್ರ ಮಂಗಳೂರಿನಲ್ಲಿ ಒಬ್ಬರಿದ್ದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ದಲಿತ ಮಕ್ಕಳನ್ನು ಶಾಲೆಗೆ ಕರೆತಂದು ಊಟವನ್ನೂ ಕೊಟ್ಟರು, ಕಸುಬನ್ನೂ ಕಲಿಸಿದರು. ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಭಾರತದಲ್ಲಿ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. ಅಲ್ಲಿಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿ ರಾಜ್ಯದಲ್ಲೆಲ್ಲ ಶಿಕ್ಷಣ ಕಡ್ಡಾಯ ಮಾಡಿದ್ದರು. ಎಲ್ಲ ಮಕ್ಕಳೂ ಒಂದು ಕಡೆ ಬಂದು ಕೂತಾಗಲೇ ಯಾರು ಬಡಕಲು, ಯಾರಿಗೆ ಕಜ್ಜಿ, ಯಾರಿಗೆ ಕಣ್ಣು ಮಂದ ಎಂದು ಗೊತ್ತಾಗುವುದು. ಇಂಗ್ಲೆಂಡಿನಲ್ಲೂ ಹಾಗೆಯೇ ಆದದ್ದು.

ಕಾರ್ಖಾನೆಗಳು ನಮ್ಮಲ್ಲಿ ಆಗಲೇ ಇದ್ದವು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದರು. ನೇತ್ರಾವತಿಯ ಮಣ್ಣು ಹೆಂಚಾಗಿ ಹಡಗು ಹತ್ತಿತು. ಕಾರ್ಖಾನೆಗಳಿಗೆ 1881ರ ಕಾನೂನು ಇತ್ತು, 1891ರಲ್ಲಿ ತಿದ್ದಿದ್ದರು: ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಕೆಲಸ ಕೂಡದು, ಒಂಬತ್ತರಿಂದ ಹದಿನಾಲ್ಕರವರಿಗೆ ದಿನಕ್ಕೆ ಏಳು ಗಂಟೆ. ಆದರೆ ಯಂತ್ರ ಇದ್ದು ಐವತ್ತು ಜನ ದುಡಿಯುವ ಜಾಗಕ್ಕೆ ಮಾತ್ರ ಅದು. ಬೇರೆ ಇನ್‌ಸ್ಪೆಕ್ಟರ್ ಇಲ್ಲದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ಇನ್‌ಸ್ಪೆಕ್ಟರ್. ಇಡೀ ಜಿಲ್ಲೆಯ ಕಂದಾಯ, ನ್ಯಾಯ ನೋಡುವ ದೊರೆಗೆ ಗೂಡಿನ ಬಾಯಿಯ ಹೊಗೆ ಕುಡಿಯುವ ಹುಡುಗ ಎಷ್ಟು ಕಂಡಾನು!

ಮನೆಯ ಹೊಸ್ತಿಲು ದಾಟಿ ಬಂದ ತಪಾಸಣೆ ಆಗ ನಮ್ಮಲ್ಲಿ ಒಂದೇ. ಅದು ಪ್ಲೇಗಿನದು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮನೆ ಹೊಕ್ಕು ಹುಡುಕುವ ಬಲ ಕೊಟ್ಟಿತು. ಪುಣೆಯಲ್ಲಿ ಸೈನಿಕರು ದೇವರಕೋಣೆಯನ್ನೂ ಬಿಡದೆ ನುಗ್ಗಿದ್ದರಿಂದ ರಕ್ತಪಾತವೇ ಆಯಿತು. ಮಂಗಳೂರಿಗೆ 1902ರಲ್ಲಿ ಪ್ಲೇಗ್ ಬಂದಾಗ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ರೋಗಿಗಳಿಗೆಂದು ಆಸ್ಪತ್ರೆ ತೆರೆದರು. 1880ರಲ್ಲಿ ಮರದಡಿಯ ಔಷಧಾಲಯದಿಂದ ಶುರು ಮಾಡಿದ ಜರ್ಮನ್ ಪಾದ್ರಿ ಅವರು. ಒಂದು ಕಡೆ ಬಾಗಿಲು ಒದ್ದು ಬಂದವರು, ಇನ್ನೊಂದು ಕಡೆ ಬಾಗಿಲು ತೆರೆದು ಕಾದವರು. ಆರೋಗ್ಯದ ಹೆಸರಿನಲ್ಲಿ ಸರಕಾರ ಮನೆಯೊಳಗೆ ಬರುವುದೆಂದರೆ ನಮ್ಮ ಅಜ್ಜಿಯಂದಿರಿಗೆ ಯಾಕೆ ಭಯ ಇತ್ತು ಎನ್ನುವುದನ್ನು ನಾವು ಹಗುರವಾಗಿ ನೋಡಬಾರದು. ಮುಂದೆ ಬಂದ ಕಾನೂನುಗಳು ಮನೆಯ ಹೊರಗೆ ನಿಂತದ್ದಕ್ಕೆ ಆ ಭಯಕ್ಕೆ ಕೊಟ್ಟ ಮರ್ಯಾದೆಯೂ ಒಂದು ಕಾರಣ ಇರಬಹುದು ಎಂದು ನನಗೆ ಅನಿಸುತ್ತದೆ.

ಈಗ ನಮ್ಮ ಜಗಲಿಗೆ ಬರುತ್ತೇನೆ. ಪುಂಜಾಲಕಟ್ಟೆ, ಮಾಲಾಡಿ, ಗುರುವಾಯನಕೆರೆ, ವೇಣೂರು, ಅತ್ತ ವಾಮದಪದವು. ಎಲ್ಲಿ ಹೋದರೂ ಬೀಡಿ ಕಟ್ಟದ ಮನೆಗಳನ್ನು ಎಣಿಸುವುದು ಸುಲಭವಾಗಿದ್ದ ಕಾಲ ಒಂದಿತ್ತು. ನನ್ನ ಅಮ್ಮನೂ ಕಟ್ಟುತ್ತಿದ್ದರು. ರಾತ್ರಿ ಎಲೆಯನ್ನು ನೀರಲ್ಲಿ ಅದ್ದಿ ಒದ್ದೆ ಗೋಣಿಯಲ್ಲಿ ಸುತ್ತಿಡುವುದು, ಬೆಳಿಗ್ಗೆ ಅಳತೆಯ ತಗಡು ಇಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತಿ ನೂಲು ಕಟ್ಟುವುದು, ಇಪ್ಪತ್ತೈದರ ಕಟ್ಟು ಮಾಡುವುದು. ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ. ಕೈ ಪಳಗಿದವರಿಗೂ ಸಾವಿರ ಎಂದರೆ ಒಂದು ಹಗಲು ಮತ್ತು ಒಂದಷ್ಟು ರಾತ್ರಿ. ಬ್ರಾಂಚಿನಲ್ಲಿ ಚೆಕ್ಕರ್ ಆರಿಸಿ ಎಸೆದದ್ದಕ್ಕೆ ದುಡ್ಡಿಲ್ಲ. ಈ ದುಡ್ಡಿನಿಂದಲೇ ನಾನು ಟೀಚರ್ ಆದದ್ದು. ಬೀಡಿಯನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ಈ ಊರಿನ ಎಷ್ಟೋ ಹೆಣ್ಣುಮಕ್ಕಳ ಕೈಗೆ ಸ್ವಂತ ಪಾಸ್‌ಬುಕ್ ಕೊಟ್ಟದ್ದು, ಗಂಡನ ಎದುರು ಒಂದು ಮಾತು ಆಡುವ ಧೈರ್ಯ ಕೊಟ್ಟದ್ದು ಬೀಡಿ. ಆದರೆ ಆ ಪುಡಿ ಮೂಗಿಗೆ ಹೋಗುತ್ತದೆ, ನಿಕೋಟಿನ್ ಬೆರಳಿನ ಚರ್ಮದಿಂದಲೂ ಮೈಯೊಳಗೆ ಇಳಿಯುತ್ತದೆ. ತೊಟ್ಟಿಲು ಅದೇ ಜಗಲಿಯಲ್ಲಿ ತೂಗುತ್ತದೆ. ಅಮ್ಮನ ಕುತ್ತಿಗೆ ಕೊನೆಗೆ ನೆಟ್ಟಗಾಗಲೇ ಇಲ್ಲ.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಓದಿದರೆ ಎಂಥ ಒಳ್ಳೆಯ ಕಾನೂನು! ಕೆಲಸದ ಕೋಣೆಯಲ್ಲಿ ಒಬ್ಬೊಬ್ಬರಿಗೆ ಕನಿಷ್ಠ ನಾಲ್ಕೂಕಾಲು ಘನ ಮೀಟರ್ ಜಾಗ, ಗಾಳಿ, ಬೆಳಕು. ಹದಿನಾಲ್ಕು ವರ್ಷದೊಳಗಿನವರಿಗೆ ಕೆಲಸ ಇಲ್ಲ. ಹೆಂಗಸರಿಗೆ ಬೆಳಿಗ್ಗೆ ಆರಕ್ಕೆ ಮೊದಲು, ಸಂಜೆ ಏಳರ ನಂತರ ಕೆಲಸ ಕೂಡದು. ಅದರ ವಿರುದ್ಧ ಬೀಡಿ ಉದ್ಯಮದವರು ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆ ಇವತ್ತಿಗೂ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಎಂಬ ನಮ್ಮ ಜಿಲ್ಲೆಯ ಹೆಸರಿನಲ್ಲೇ ಕಾನೂನು ಪುಸ್ತಕಗಳಲ್ಲಿದೆ. 1974ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೆ ಭವಿಷ್ಯನಿಧಿ, ಗುರುತಿನ ಚೀಟಿ, 1976ರ ಕಲ್ಯಾಣ ನಿಧಿಯಿಂದ ಡಿಸ್ಪೆನ್ಸರಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಇವೆಲ್ಲ ಹೋರಾಟದಿಂದ ಒಂದೊಂದಾಗಿ ಬಂದವು.

ಆದರೆ ಗಾಳಿ, ಬೆಳಕು, ಹೊತ್ತಿನ ಆ ಕಲಮುಗಳು ಅನ್ವಯಿಸುವ ಜಾಗ ಯಾವುದು ಎಂದು ಹೇಳುವಲ್ಲಿ ಕಾನೂನು ಒಂದು ಸಣ್ಣ ಮಾತು ಸೇರಿಸಿತು: ಖಾಸಗಿ ವಾಸದ ಮನೆಯನ್ನು ಬಿಟ್ಟು. ಬೀಡಿ ಕಟ್ಟುವುದೇ ವಾಸದ ಮನೆಯಲ್ಲಿ. ನಾಲ್ಕೂಕಾಲು ಘನ ಮೀಟರು ಯಾರೂ ಕೂತು ಬೀಡಿ ಕಟ್ಟದ ಶೆಡ್ಡಿಗೆ ಸಿಕ್ಕಿತು. ಸಂಜೆ ಏಳರ ನಿಯಮ ನಮ್ಮ ಜಗಲಿಯ ಮೆಟ್ಟಿಲು ಹತ್ತಲಿಲ್ಲ. ಅಮ್ಮನ ಚಿಮಿಣಿ ದೀಪ ಹೊತ್ತಿಕೊಳ್ಳುತ್ತಿದ್ದದ್ದೇ ಏಳಕ್ಕೆ. ಈಗ ಆ ಕಾನೂನು 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಅದರಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಇದ್ದರೆ ಇಪ್ಪತ್ತು ಜನ, ಇಲ್ಲದಿದ್ದರೆ ನಲವತ್ತು ಜನ ಬೇಕು. ಹಿಂದೆ ಹತ್ತು ಮತ್ತು ಇಪ್ಪತ್ತು ಇತ್ತು. ನಮ್ಮ ಪೇಟೆಯ ಗ್ಯಾರೇಜು, ವೆಲ್ಡಿಂಗ್ ಶಾಪು, ಬೇಕರಿಯ ಹಿಂಬದಿ, ಹದಿನೈದು ಹೆಂಗಸರು ಕೂತು ಗೇರುಬೀಜ ಒಡೆಯುವ ಶೆಡ್ಡು, ಇವೆಲ್ಲ ಆ ಲೆಕ್ಕದ ಕೆಳಗೆ ನುಸುಳಿ ಹೋಗುತ್ತವೆ. ಗೇರುಬೀಜದ ಸೊನೆ ತಾಗಿ ಬೆರಳು ಸುಟ್ಟು ಕಪ್ಪಾದವರು ಈ ಸಭೆಯಲ್ಲೇ ಇದ್ದಾರೆ. ಬೆರಳಚ್ಚು ಯಂತ್ರ ಅವರನ್ನು ಗುರುತಿಸುವುದಿಲ್ಲ ಎಂದು ರೇಷನ್ ಅಂಗಡಿಯಲ್ಲಿ ನಿಂತು ಬೇಸರಪಟ್ಟದ್ದನ್ನು ನಾನು ಕಂಡಿದ್ದೇನೆ.

ಶಾಲೆಯ ಕಡೆ ಈಗ ವ್ಯವಸ್ಥೆ ನಿಜಕ್ಕೂ ಸುಧಾರಿಸಿದೆ. ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೇ ಇಲ್ಲ ಎನ್ನುವಂತಿದೆ ಎಂದು 1946ರಲ್ಲಿ ಭೋರ್ ಸಮಿತಿ ಬರೆದಿತ್ತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಹುಟ್ಟಿನಿಂದ ಹದಿನೆಂಟರವರೆಗೆ ಮೂವತ್ತು ಬಗೆಯ ತೊಂದರೆಗಳನ್ನು ನೋಡುತ್ತದೆ. ಹೃದಯದಲ್ಲಿ ರಂಧ್ರ ಇದ್ದ ಮಗುವನ್ನು ಹುಡುಕಿ ಶಸ್ತ್ರಚಿಕಿತ್ಸೆ ಮಾಡಿಸುವ ತನಕ ಬೆನ್ನುಬಿಡದ ತಂಡಗಳಿವೆ. ಅವರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ. ಆದರೆ ಮಗುವನ್ನು ನೋಡುವುದು ಆರೋಗ್ಯ ಇಲಾಖೆ, ಬೀಡಿಯ ಲೆಕ್ಕ ಕಾರ್ಮಿಕ ಇಲಾಖೆ. ಮಗುವಿನ ಕಾರ್ಡಿನಲ್ಲಿ ರಕ್ತಹೀನತೆ ಎಂದಿರುತ್ತದೆ, ಮನೆಯಲ್ಲಿ ಏನು ಕೆಲಸ ಎಂಬ ಪ್ರಶ್ನೆ ಇರುವುದಿಲ್ಲ. ಅಮ್ಮನ ಬೀಡಿ ಪುಸ್ತಕದಲ್ಲಿ ಸಾವಿರದ ಲೆಕ್ಕ ಇರುತ್ತದೆ, ಪಕ್ಕದಲ್ಲಿ ಕೂತ ಮಗುವಿನ ಕೆಮ್ಮು ಇರುವುದಿಲ್ಲ.

ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಎಂಬ ಹಳ್ಳಿ ವೈದ್ಯರು ತಮ್ಮಲ್ಲಿಗೆ ಬರುವ ಮಕ್ಕಳ ಕಾಯಿಲೆಗಳನ್ನು ಮನೆಮನೆಯ ಲೆಕ್ಕದಲ್ಲಿ ನೋಡಿದರು. ಸುತ್ತಲಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿತ್ತು. ಒಂದೇ ಊರಿನಲ್ಲಿ ಇಷ್ಟೊಂದು ಮಕ್ಕಳಿಗೆ ಕಾಯಿಲೆ ಯಾಕೆ ಎಂದು ಅವರು ಕೇಳಿದರು. ನಮ್ಮದೇ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಮನೆಗಳಲ್ಲೂ ಅದೇ ಮಳೆ ಬಿದ್ದಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿ ತಡೆಯಿತು. ಸಿಂಪಡಿಸಿದವರ ಪುಸ್ತಕದಲ್ಲಿ ಲೀಟರಿನ ಲೆಕ್ಕ ಇತ್ತು, ಶಾಲೆಯ ಪುಸ್ತಕದಲ್ಲಿ ಗೈರುಹಾಜರಿ ಇತ್ತು. ಎರಡನ್ನೂ ಒಟ್ಟಿಗೆ ಓದಲು ಯಾವ ಇಲಾಖೆಯೂ ಒಬ್ಬರನ್ನು ನೇಮಿಸಿರಲಿಲ್ಲ.

ಇಲ್ಲಿ ಮಡಂತ್ಯಾರಿನಲ್ಲಿ ನಮಗೆ ಹೊಸ ಇನ್‌ಸ್ಪೆಕ್ಟರ್ ಬೇಕೆಂದು ನಾನು ಕೇಳುವುದಿಲ್ಲ. ಜಗಲಿ ಹತ್ತಿ ಬಂದರೆ ಚಾಪೆ ಹಾಕಿ ಕೂರಿಸುವ ಒಬ್ಬಳು ನಮಗೆ ಈಗಾಗಲೇ ಇದ್ದಾಳೆ, ಆಶಾ ಕಾರ್ಯಕರ್ತೆ. ಎಷ್ಟೋ ಕಡೆ ಅವಳೂ ಬೀಡಿ ಕಟ್ಟುವವಳೇ. ಪಂಚಾಯತಿನಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಕಾಗದದಲ್ಲಿ ಇದೆ. ಶಾಲೆಯ ಕಾರ್ಡುಗಳು ಬೀರುವಿನಿಂದ ಆ ಸಮಿತಿಯ ಮೇಜಿಗೆ ಬರಬೇಕು. ಯಾವ ಮಗುವಿನ ಮನೆಯಲ್ಲಿ ಬೀಡಿ, ಯಾವ ಮಗುವಿನ ಅಮ್ಮ ಬೀಜದ ಶೆಡ್ಡಿಗೆ ಹೋಗುತ್ತಾಳೆ, ಯಾವ ಹುಡುಗ ರಜೆಯಲ್ಲಿ ಗ್ಯಾರೇಜಿನಲ್ಲಿರುತ್ತಾನೆ ಎಂದು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದುಕೊಳ್ಳಬೇಕು. ‘ಡಾಕ್ಟರಿಗೆ ತೋರಿಸುವುದು’ ಎಂಬ ಸಾಲಿನ ಎದುರು ತೋರಿಸಿದ ತಾರೀಕು ಬರುವ ತನಕ ಆ ಕಾರ್ಡು ಒಳಗೆ ಹೋಗಬಾರದು.

ಕಣ್ಣು ತೋರಿಸಲು ಮಂಗಳೂರಿಗೆ ಹೋಗಿ ಬರುವುದೆಂದರೆ ತಾಯಿಗೆ ಸಾವಿರ ಬೀಡಿಯ ಕೂಲಿ ಹೋಯಿತು, ಇಬ್ಬರ ಬಸ್ಸಿನ ದುಡ್ಡು ಹೋಯಿತು. ಆ ಹುಡುಗಿಯ ಅಮ್ಮ ನನಗೆ ಇದನ್ನೇ ಹೇಳಿದ್ದರು, “ಟೀಚರೇ, ಒಂದು ದಿನ ಬಿಟ್ಟರೆ ಆ ವಾರದ ಅಕ್ಕಿಗೆ ತೊಂದರೆ ಉಂಟು.” ನಾನು ಅದಕ್ಕೆ ಉತ್ತರ ಕೊಡದೆ ಬಂದಿದ್ದೆ. ಆದ್ದರಿಂದ ಈ ದತ್ತಿಯನ್ನು ಇಟ್ಟ ಮನೆಯವರಲ್ಲಿ ಒಂದು ಕೋರಿಕೆ. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಇಂಥ ಪ್ರಯಾಣಕ್ಕೆ, ತಾಯಿಯ ಆ ಒಂದು ದಿನದ ಕೂಲಿಗೆ ಎತ್ತಿಡಿ. ಇವತ್ತು ನನಗೆ ಕೊಡಲು ನೀವು ಲಕೋಟೆಯಲ್ಲಿ ಇಟ್ಟ ಗೌರವಧನವನ್ನು ಆ ಲೆಕ್ಕದ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ಮುಂದಿನ ಸಲ ತಪಾಸಣೆಯ ತಂಡ ಬರುವ ದಿನ ತಿಳಿಸಿದರೆ ಹೆಸರು ಓದಲು ನಾನೂ ಬರುತ್ತೇನೆ.